ಹಾರ್ವರ್ಡ್‌ಗೆ ಎಷ್ಟು ಪರ್ಸೆಂಟು ಬೇಕು?

ಪಿಯುಸಿ ಓದುವ ಮಕ್ಕಳಿರುವ ಮನೆಯಲ್ಲಿ ಸೀಟಿನ ಮಾತೆಂದರೆ ಪರ್ಸೆಂಟಿನ ಮಾತು. ಎಷ್ಟು ಅಂಕಕ್ಕೆ ಯಾವ ರ‍್ಯಾಂಕು, ಯಾವ ರ‍್ಯಾಂಕಿಗೆ ಯಾವ ಕಾಲೇಜು ಎಂಬ ಲೆಕ್ಕವನ್ನು 1994ರಲ್ಲಿ ಸಿಇಟಿ ಘಟಕ ಆರಂಭವಾದ ಮೇಲೆ ರಾಜ್ಯದ ತಂದೆ ತಾಯಿಗಳು ಬಾಯಿಪಾಠ ಮಾಡಿಕೊಂಡಿದ್ದಾರೆ. ಈ ಲೆಕ್ಕ ಕ್ರೂರವಾಗಿರಬಹುದು, ಆದರೆ ಅದರಲ್ಲಿ ಮುಚ್ಚುಮರೆಯಿಲ್ಲ. ಅಂಕ ಬಂದರೆ ಸೀಟು ಬಂತು.

ಹೊಸಕೋಟೆ ಪಟ್ಟಣದ ಮಗ್ಗುಲಲ್ಲಿರುವ ಪಿಲ್ಲಗುಂಪೆಯನ್ನೇ ತೆಗೆದುಕೊಳ್ಳಿ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಬಡಾವಣೆಯಾದ ಅಲ್ಲಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುವ ಒಬ್ಬ ತಂದೆ, ಹೊಸಕೋಟೆಯ ಕಾಲೇಜಿನಲ್ಲಿ ವಿಜ್ಞಾನ ಓದಿ ಶೇ 97 ಅಂಕ ಪಡೆಯುವ ಅವನ ಮಗಳು, ಇಬ್ಬರೂ ಇದ್ದಾರೆಂದು ಊಹಿಸೋಣ. ಅವಳಿಗೆ ಇಲ್ಲಿ ಯಾವ ಎಂಜಿನಿಯರಿಂಗ್ ಕಾಲೇಜು ಸಿಗುತ್ತದೆಂದು ಕೇಳಿದರೆ ಪಕ್ಕದ ಮನೆಯವರೂ ಹೇಳಿಯಾರು. ಹಾರ್ವರ್ಡ್ ಅಥವಾ ಎಂಐಟಿಗೆ ಎಷ್ಟು ಪರ್ಸೆಂಟು ಬೇಕು ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಹೇಳುವವರಿಲ್ಲ ಎಂಬುದು ಒಂದು ಕಾರಣ. ಅಂಥದೊಂದು ಅಂಕಿ ಅಮೆರಿಕದಲ್ಲಿಯೇ ಇಲ್ಲ ಎಂಬುದು ಇನ್ನೊಂದು, ಮತ್ತು ಮುಖ್ಯವಾದ ಕಾರಣ.

ಅಮೆರಿಕದಲ್ಲಿ ಪದವಿ ನೀಡುವ ಸಂಸ್ಥೆಗಳು ಸುಮಾರು 4 ಸಾವಿರ. ಅವುಗಳಲ್ಲಿ ಬಹುಪಾಲು ಸಂಸ್ಥೆಗಳು ಅರ್ಜಿ ಹಾಕಿದ ನೂರು ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಪ್ರವೇಶ ಕೊಡುತ್ತವೆ. ನೂರಕ್ಕೆ ಹತ್ತಕ್ಕಿಂತ ಕಡಿಮೆ ಮಂದಿಯನ್ನು ಆರಿಸುವವು ಕೆಲವೇ ಡಜನ್. ನಮ್ಮಲ್ಲಿ 'ಅಮೆರಿಕದಲ್ಲಿ ಸೀಟು ಸಿಕ್ಕಿತು' ಎಂಬ ಒಂದೇ ವಾಕ್ಯದಲ್ಲಿ ಈ ಎರಡೂ ಸೇರಿಹೋಗುತ್ತವೆ. ಹಣ ಕಟ್ಟಲು ಸಿದ್ಧರಿರುವವರಿಗೆ ಮೊದಲನೆಯ ಬಗೆಯಲ್ಲಿ ಪ್ರವೇಶ ದೊರೆಯುವುದು ಅಂಥ ಕಷ್ಟವೇನಲ್ಲ. ಇಲ್ಲಿ ಪ್ರಸ್ತಾಪವಿರುವುದು ಎರಡನೆಯ ಬಗೆಯದು.

2024ರಲ್ಲಿ ಹಾರ್ವರ್ಡ್ ಕಾಲೇಜಿಗೆ ಬಂದ ಅರ್ಜಿಗಳು 54,008. ಪ್ರವೇಶ ದೊರೆತದ್ದು 1,937 ಮಂದಿಗೆ. ಅಂದರೆ ನೂರಕ್ಕೆ ನಾಲ್ಕೂ ಇಲ್ಲ. ಅದೇ ವರ್ಷ ಎಂಐಟಿ 28,232 ಅರ್ಜಿಗಳಲ್ಲಿ 1,284ನ್ನು ಆರಿಸಿತು. ಇದು ನೂರಕ್ಕೆ ನಾಲ್ಕೂವರೆ. ಪತ್ರಿಕೆಗಳಲ್ಲಿ ಅಚ್ಚಾಗುವುದು ಈ ಅಂಕಿಗಳೇ. ಆದರೆ ಇವು ಎಲ್ಲ ಅರ್ಜಿದಾರರ ಸರಾಸರಿ. ಎಂಐಟಿ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿಕೊಂಡಿದೆ; ಪದವಿ ಮಟ್ಟದಲ್ಲಿ ವರ್ಷಕ್ಕೆ 150ರ ಆಸುಪಾಸು ವಿದೇಶಿಯರನ್ನು ಮಾತ್ರ ಆರಿಸುವುದಾಗಿ ಅದು ಬಹಿರಂಗವಾಗಿಯೇ ಹೇಳುತ್ತದೆ. ವಿದೇಶಗಳಿಂದ ಬರುವ ಅರ್ಜಿಗಳೋ ಹಲವು ಸಾವಿರ. ಭಾರತ, ಚೀನಾ, ಬ್ರೆಜಿಲ್, ಕೆನ್ಯಾ, ಎಲ್ಲರೂ ಆ ನೂರೈವತ್ತರೊಳಗೇ ಬರಬೇಕು. ಹಾಗಾಗಿ ನಾಲ್ಕೂವರೆ ಎಂಬುದು ನಮ್ಮ ಪಾಲಿಗೆ ಎರಡು ಮೂರರ ಸುತ್ತಮುತ್ತ ಬಂದು ನಿಲ್ಲುತ್ತದೆ. ಅದಕ್ಕೂ ಮುನ್ನ ತಿಳಿಯಬೇಕಾದ ವಿಷಯವೆಂದರೆ, ಈ ಎರಡು ಮೂರು ಮಂದಿಯನ್ನು ಆರಿಸುವ ತಕ್ಕಡಿ ಯಾವುದು ಎಂಬುದು.

ಅಂಕವೊಂದೇ ಸಾಲದಾದ ಕಥೆ

ಅಮೆರಿಕದ ಕಾಲೇಜುಗಳು ಅಂಕಪಟ್ಟಿಯ ಜೊತೆಗೆ ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ, ಆಟೋಟ, ಸಂಗೀತ, ಸಮಾಜಸೇವೆ, ಮನೆಯ ಪರಿಸ್ಥಿತಿ ಎಲ್ಲವನ್ನೂ ನೋಡುತ್ತವೆ. 'ಇಡೀ ವ್ಯಕ್ತಿಯನ್ನು ಅಳೆಯುವ' ಪದ್ಧತಿ ಎಂದು ಇದನ್ನು ಹೊಗಳುವವರು ಬಹಳ. ಅದರ ಹುಟ್ಟಿನ ಕಥೆ ಅಷ್ಟು ಹೊಗಳಿಕೆಯದಲ್ಲ.

20ನೇ ಶತಮಾನದ ಆರಂಭದಲ್ಲಿ ಹಾರ್ವರ್ಡ್ ಕೂಡ ಬಹುಮಟ್ಟಿಗೆ ನಮ್ಮ ಸಿಇಟಿಯ ಹಾಗೆಯೇ ಪರೀಕ್ಷೆಯ ಮೇಲೆ ಪ್ರವೇಶ ಕೊಡುತ್ತಿತ್ತು. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಕಷ್ಟಪಟ್ಟು ಓದಿ ಆ ಪರೀಕ್ಷೆಗಳಲ್ಲಿ ಮುಂದೆ ಬಂದರು. 1920ರ ದಶಕದ ನಡುವಿಗೆ ಹೊಸ ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಯಹೂದಿಗಳಿದ್ದರು. ಹಳೆಯ ಶ್ರೀಮಂತ ಮನೆತನಗಳಿಗೆ ಇದು ಸಹಿಸಲಿಲ್ಲ. ಅಧ್ಯಕ್ಷರಾಗಿದ್ದ ಲಾರೆನ್ಸ್ ಲೋವೆಲ್ 1922ರಲ್ಲಿ ಯಹೂದಿಗಳಿಗೆ ನೇರವಾಗಿ ಮಿತಿ ಹಾಕಬೇಕೆಂದರು. ಅದಕ್ಕೆ ವಿರೋಧ ಬಂದಾಗ ಬೇರೆ ದಾರಿ ಹುಡುಕಲಾಯಿತು. 1926ರಿಂದ 'ಚಾರಿತ್ರ್ಯ', 'ವ್ಯಕ್ತಿತ್ವ' ಎಂಬ ಮಾನದಂಡಗಳು ಬಂದವು. ಅರ್ಜಿಯ ಜೊತೆ ಭಾವಚಿತ್ರ ಲಗತ್ತಿಸುವಂತೆ ಕೇಳಲಾಯಿತು. ಯಹೂದಿ ವಿದ್ಯಾರ್ಥಿಗಳ ಪ್ರಮಾಣ ಕೆಲವೇ ವರ್ಷಗಳಲ್ಲಿ ಸುಮಾರು ಶೇ 15ಕ್ಕೆ ಇಳಿಯಿತು. ಇಂದು ಬೇರೆ ಉದ್ದೇಶಗಳಿಗೆ ಬಳಕೆಯಾಗುತ್ತಿರುವ ಈ ಯಂತ್ರ ಮೊದಲು ತಯಾರಾದದ್ದು ಚೆನ್ನಾಗಿ ಓದುವ ಬಡವರನ್ನು ಹೊರಗಿಡುವುದಕ್ಕೆ.

ಆ ಯಂತ್ರದೊಳಗಿನ ಹಲ್ಲು ಗಾಲಿಗಳು ಹೊರಗಿನವರಿಗೆ ಕಂಡದ್ದು ಮೀಸಲಾತಿಯನ್ನು ಪ್ರಶ್ನಿಸಿ ಹಾರ್ವರ್ಡ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ. ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ದಾನಿಗಳ ಕಡೆಯವರು, ಅಧ್ಯಾಪಕರ ಮಕ್ಕಳು, ಈ ನಾಲ್ಕು ಗುಂಪು ಸೇರಿದರೆ ದೇಶೀ ಅರ್ಜಿದಾರರಲ್ಲಿ ಶೇ 5ರಷ್ಟು. ಆಯ್ಕೆಯಾದವರಲ್ಲಿ ಮಾತ್ರ ಶೇ 30ರಷ್ಟು ಎಂದು ಅಲ್ಲಿ ಹೊರಬಿತ್ತು. 2023ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನ ಇನ್ನೊಂದು ಮಾತು ಹೇಳಿತು. ಪರೀಕ್ಷೆಯಲ್ಲಿ ಸಮಾನ ಅಂಕ ಪಡೆದಿದ್ದರೂ, ದೇಶದ ಅತಿ ಶ್ರೀಮಂತ ಶೇ 1ರ ಮನೆಗಳ ಮಕ್ಕಳು ಇಂಥ ಆಯ್ದ ವಿದ್ಯಾಲಯಗಳನ್ನು ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಅದೇ 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗದ ಆಧಾರದ ಪರಿಗಣನೆಯನ್ನು ರದ್ದು ಮಾಡಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗಿರುವ ಅನುಕೂಲ ಆ ತೀರ್ಪಿನ ವ್ಯಾಪ್ತಿಗೆ ಬರಲಿಲ್ಲ.

ಪದ್ಧತಿಗೆ ಒಳ್ಳೆಯ ಮುಖವೂ ಇದೆ ಎನ್ನದಿದ್ದರೆ ಅನ್ಯಾಯವಾದೀತು. ಏಳನೇ ತರಗತಿಗೇ ಶಾಲೆ ಬಿಟ್ಟು ಮನೆಯಲ್ಲೇ ಕಲಿತ ಮುಂಬೈನ ಹುಡುಗಿಯೊಬ್ಬಳಿಗೆ 2016ರಲ್ಲಿ ಎಂಐಟಿ ಪ್ರವೇಶ ಕೊಟ್ಟಿತು. ಅವಳ ಕೈಯಲ್ಲಿ ಇದ್ದದ್ದು ಅಂತರರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನ ಮೂರು ಪದಕಗಳು. ಹನ್ನೆರಡನೇ ತರಗತಿಯ ಅಂಕಪಟ್ಟಿ ಇಲ್ಲದ್ದರಿಂದ ನಮ್ಮ ಐಐಟಿಗಳ ಬಾಗಿಲು ಅವಳಿಗೆ ಮುಚ್ಚಿತ್ತು. ಒಬ್ಬ ಅಸಾಧಾರಣ ಬಾಲಕಿಯನ್ನು ಗುರುತಿಸಲು ಅಂಕಪಟ್ಟಿ ಸೋತ ಕಡೆ ಆ ಇನ್ನೊಂದು ತಕ್ಕಡಿ ಗೆದ್ದಿತು.

ಆದರೆ ಸಾಧಾರಣ ಜಾಣರ ಮಾತು ಬೇರೆ. ಪಿಲ್ಲಗುಂಪೆಯ ಆ ಹುಡುಗಿಯ ಶೇ 97 ಅಲ್ಲಿ ಅರ್ಜಿಯನ್ನು ಮೇಜಿನ ಮೇಲೆ ಇಡಿಸುತ್ತದೆ, ಅಷ್ಟೆ. ಆ ಮೇಜಿನ ಮೇಲೆ ಇರುವ ಅರ್ಜಿಗಳಲ್ಲಿ ಬಹುತೇಕ ಎಲ್ಲವಕ್ಕೂ ಅಷ್ಟೇ ಅಂಕವಿರುತ್ತದೆ. ಮುಂದಿನ ಪ್ರಶ್ನೆಗಳಿಗೆ ಸರ್ಕಾರಿ ಕಾಲೇಜು ಉತ್ತರ ಕೊಡಲಾರದು. ಶಾಲೆಯ ಪರವಾಗಿ ವರದಿ ಬರೆಯುವ 'ಕೌನ್ಸೆಲರ್' ಒಬ್ಬರಿರಬೇಕೆಂದು ಅರ್ಜಿ ಬಯಸುತ್ತದೆ. ನಮ್ಮ ಪದವಿಪೂರ್ವ ಕಾಲೇಜುಗಳಲ್ಲಿ ಅಂಥ ಹುದ್ದೆಯಿಲ್ಲ. ನೂರಾರು ಮಕ್ಕಳಿಗೆ ಪಾಠ ಹೇಳುವ ಉಪನ್ಯಾಸಕರು ಒಬ್ಬಳ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಪುಟ ಬರೆಯಬೇಕು. ಅವರು 'ಸದ್ವರ್ತನೆಯ ಶಿಸ್ತಿನ ವಿದ್ಯಾರ್ಥಿನಿ' ಎಂದು ಬರೆದುಕೊಡುತ್ತಾರೆ. ನಮ್ಮಲ್ಲಿ ಅದು ಹೊಗಳಿಕೆ, ಅಲ್ಲಿ ಅದು ಏನನ್ನೂ ಹೇಳದ ಮಾತು. ಬೆಂಗಳೂರಿನ ದುಬಾರಿ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಇದೇ ಕೆಲಸಕ್ಕೆಂದು ಸಂಬಳದ ಮೇಲೆ ಜನರಿರುತ್ತಾರೆ. ಭಾರತಕ್ಕೆ ಸಿಗುವ ಕೆಲವೇ ಸೀಟುಗಳಿಗೆ ಈ ಇಬ್ಬರೂ ಸ್ಪರ್ಧಿಗಳು.

ಹಣ ಕೇಳಿದರೆ ಬಾಗಿಲು ಕಿರಿದು

ಹಾರ್ವರ್ಡ್‌ನಲ್ಲಿ 2024-25ರ ಒಂದು ವರ್ಷದ ಒಟ್ಟು ವೆಚ್ಚ, ಬೋಧನಾ ಶುಲ್ಕ, ಊಟ, ವಸತಿ ಸೇರಿ, 82,866 ಡಾಲರ್. ಆಗಿನ ವಿನಿಮಯ ದರದಲ್ಲಿ ಸುಮಾರು 70 ಲಕ್ಷ ರೂಪಾಯಿ. ನಾಲ್ಕು ವರ್ಷಕ್ಕೆ ಎಷ್ಟಾಯಿತೆಂದು ಓದುಗರೇ ಗುಣಿಸಿಕೊಳ್ಳಬಹುದು. ಇದನ್ನು ಕೈಯಿಂದ ಕೊಡಬಲ್ಲ ಕುಟುಂಬಗಳು ಹೊಸಕೋಟೆ ತಾಲ್ಲೂಕಿನಲ್ಲಿ ಎಷ್ಟಿದ್ದಾವು?

ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ವ್ಯತ್ಯಾಸವಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಇವು ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾನೆಯೇ ಇಲ್ಲವೇ ಎಂಬುದನ್ನು ನೋಡದೆ ಆಯ್ಕೆ ಮಾಡುತ್ತವೆ. ಆಯ್ಕೆಯಾದ ಮೇಲೆ ಕುಟುಂಬಕ್ಕೆ ಎಷ್ಟು ಕಡಿಮೆ ಬೀಳುತ್ತದೋ ಅಷ್ಟನ್ನೂ ತಾವೇ ಭರಿಸುತ್ತವೆ. ಇದಕ್ಕೆ 'ನೀಡ್ ಬ್ಲೈಂಡ್' ಎಂದು ಹೆಸರು. 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡನ್ ಕಾಲೇಜುಗಳು ಈ ಸಾಲಿಗೆ ಸೇರಿದವು. ಬ್ರೌನ್ ವಿಶ್ವವಿದ್ಯಾಲಯ 2025ರಲ್ಲಿ ಸೇರಿದ ತಂಡದಿಂದ ಇದನ್ನು ಜಾರಿಗೆ ತಂದಿತು. ನಾಲ್ಕು ಸಾವಿರ ಸಂಸ್ಥೆಗಳ ದೇಶದಲ್ಲಿ ಇಂಥವು ಹತ್ತರ ಆಸುಪಾಸು.

ಉಳಿದ ಹೆಸರಾಂತ ವಿದ್ಯಾಲಯಗಳಲ್ಲಿ ಬಹುಪಾಲು, ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಕಾರ್ನೆಲ್ ಇವೂ ಸೇರಿ, ವಿದೇಶಿಯರ ವಿಷಯದಲ್ಲಿ ನೆರವಿನ ಕೋರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ವಿದೇಶಿಯರಿಗೆಂದು ಇಟ್ಟ ಹಣ ಮಿತವಾದದ್ದು. ಅದು ಮುಗಿದರೆ ಬುದ್ಧಿವಂತ ಬಡವನಿಗಿಂತ ಸ್ವಲ್ಪ ಕಡಿಮೆ ಬುದ್ಧಿವಂತ ಶ್ರೀಮಂತನೇ ಒಳಗೆ ಹೋದಾನು. ಅಲ್ಲಿ ನೂರಕ್ಕೆ ನಾಲ್ಕು ಎಂಬ ಅಂಕಿಗೆ ಬಡವನ ಮಟ್ಟಿಗೆ ಅರ್ಥವಿಲ್ಲ. 'ಮೊದಲು ಸೀಟು ಸಿಗಲಿ, ಆಮೇಲೆ ಕೇಳೋಣ' ಎಂಬ ಜಾಣತನ ಕೂಡ ನಡೆಯದು. ಅರ್ಜಿಯಲ್ಲಿ ಕೇಳದ ವಿದೇಶಿಯರು ಮುಂದಿನ ನಾಲ್ಕು ವರ್ಷವೂ ಕೇಳುವಂತಿಲ್ಲ ಎಂಬ ನಿಯಮ ಹಲವು ಕಡೆ ಇದೆ. ಕಾರ್ನೆಲ್‌ನಲ್ಲಿ ಭಾರತೀಯರಿಗೊಂದು ವಿಶೇಷ ದಾರಿಯಿರುವುದು ಉಲ್ಲೇಖನೀಯ. 2008ರಲ್ಲಿ ಟಾಟಾ ಟ್ರಸ್ಟ್ ಕೊಟ್ಟ ದತ್ತಿಯಿಂದ ಅಲ್ಲಿ ಪದವಿ ಓದುವ ಭಾರತೀಯರಿಗೆ ಟಾಟಾ ವಿದ್ಯಾರ್ಥಿವೇತನ ಸಿಗುತ್ತದೆ.

ಇನ್ನೊಂದು ಜಾಣತನದ ಲೆಕ್ಕವನ್ನೂ ಇಲ್ಲೇ ನೋಡಿಬಿಡುವುದು ಒಳ್ಳೆಯದು. ಒಂದು ಕಡೆ ನೂರಕ್ಕೆ ಮೂರು ಅವಕಾಶವಿದ್ದರೆ, ಇಪ್ಪತ್ತು ಕಡೆ ಅರ್ಜಿ ಹಾಕಿದರೆ ಎಲ್ಲಾದರೂ ಸಿಕ್ಕೀತಲ್ಲ ಎಂಬುದು ಅದು. ಲಾಟರಿ ಚೀಟಿಯ ಗಣಿತದ ಪ್ರಕಾರ ಇಪ್ಪತ್ತರಲ್ಲಿ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ 46ರಷ್ಟಾಗುತ್ತದೆ. ಕೇಳಲು ಹಿತವಾಗಿದೆ. ಆದರೆ ಲಾಟರಿ ಚೀಟಿಗಳು ಒಂದಕ್ಕೊಂದು ಸಂಬಂಧವಿಲ್ಲದವು. ಇಲ್ಲಿ ಇಪ್ಪತ್ತು ಕಡೆಗೂ ಹೋಗುವುದು ಅದೇ ಪ್ರಬಂಧ, ಅದೇ ಶಿಫಾರಸು, ಅದೇ ಆದಾಯ ಪ್ರಮಾಣಪತ್ರ. ಒಂದು ಕಡೆ ತಿರಸ್ಕಾರಕ್ಕೆ ಕಾರಣವಾದದ್ದು ಇನ್ನೊಂದು ಕಡೆಯೂ ಕಾರಣವಾಗುತ್ತದೆ. ಅರ್ಜಿ ಶುಲ್ಕವೋ ಒಂದೊಂದು ಕಡೆ 75ರಿಂದ 90 ಡಾಲರ್. ಇಪ್ಪತ್ತಕ್ಕೆ ಲಕ್ಷ ರೂಪಾಯಿ ಮೀರುತ್ತದೆ. ಬಡ ಕುಟುಂಬದವರು ಕೇಳಿಕೊಂಡರೆ ಶುಲ್ಕ ಮನ್ನಾ ಮಾಡುವ ವಿದ್ಯಾಲಯಗಳು ಅನೇಕವಿವೆ. ಕೇಳಬಹುದು ಎಂಬುದೇ ಗೊತ್ತಿರುವುದಿಲ್ಲ ಎನ್ನುವುದು ಬೇರೆ ಮಾತು.

ಹಿಂದೆ ಹೋದವರು ಹೇಗೆ ಹೋದರು?

ಹಾಗಾದರೆ ಕನ್ನಡ ನಾಡಿನ ಹಳ್ಳಿ ಪಟ್ಟಣಗಳಿಂದ ಯಾರೂ ಹೋಗಲಿಲ್ಲವೇ? ಹೋದರು, ಅದೂ ದೊಡ್ಡ ಹೆಸರಿನ ಕಡೆಗೇ ಹೋದರು. ಅವರು ಹೋದ ಬಾಗಿಲು ಯಾವುದೆಂಬುದನ್ನು ಗಮನಿಸಬೇಕು.

ಲಾಲ್‌ಬಾಗ್‌ನ ಹೆಸರಿನೊಂದಿಗೆ ಸೇರಿಹೋಗಿರುವ, ಕರ್ನಾಟಕದ ತೋಟಗಾರಿಕೆಗೆ ಅಡಿಪಾಯ ಹಾಕಿದ ಡಾ. ಎಂ.ಎಚ್. ಮರಿಗೌಡರು ಮೈಸೂರು ಜಿಲ್ಲೆಯ ಬನ್ನೂರು ಸಮೀಪದ ಹಳ್ಳಿಯವರು. ಅವರು ಡಾಕ್ಟರೇಟ್ ಪಡೆದದ್ದು ಹಾರ್ವರ್ಡ್‌ನಲ್ಲಿ. ಲಾಲ್‌ಬಾಗ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವರು ಹೊರದೇಶಕ್ಕೆ ಹೋದರು. ಜಿಲ್ಲೆ ಜಿಲ್ಲೆಗಳಲ್ಲಿ ತೋಟಗಾರಿಕೆ ಕ್ಷೇತ್ರಗಳನ್ನು, ನರ್ಸರಿಗಳನ್ನು ತೆರೆದು ಬಯಲುಸೀಮೆಯ ರೈತರಿಗೆ ಹಣ್ಣಿನ ಬೆಳೆ ಪರಿಚಯಿಸಿದ್ದು ಅವರ ಕಾಲದ ಇಲಾಖೆ.

ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅವರದು ಇನ್ನೂ ಸ್ಪಷ್ಟವಾದ ಉದಾಹರಣೆ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅವರನ್ನು 1946ರಲ್ಲಿ ಭಾರತ ಸರ್ಕಾರ ವಿದೇಶ ವ್ಯಾಸಂಗದ ವಿದ್ಯಾರ್ಥಿವೇತನಕ್ಕೆ ಆರಿಸಿತು. ದೇಶ ಸ್ವತಂತ್ರವಾಗಲು ಕೆಲವೇ ವಾರಗಳಿದ್ದಾಗ, 1947ರ ಜುಲೈನಲ್ಲಿ, ಅವರು ಹಡಗು ಹತ್ತಿದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಪಡೆದು, ಏಷ್ಯಾದ ಮಹಿಳೆಯರಿಗೆಂದೇ ಆ ವಿಶ್ವವಿದ್ಯಾಲಯ ಇಟ್ಟಿದ್ದ ಬಾರ್ಬರ್ ವಿದ್ಯಾರ್ಥಿವೇತನದಿಂದ ಓದು ಮುಂದುವರಿಸಿದರು. 1953ರಲ್ಲಿ ಡಾಕ್ಟರೇಟ್ ಮುಗಿಸಿ ಹಿಂದಿರುಗಿ, ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು.

1950ರ ಫೆಬ್ರುವರಿಯಲ್ಲಿ ಭಾರತ ಮತ್ತು ಅಮೆರಿಕ ಸರ್ಕಾರಗಳ ನಡುವೆ ಫುಲ್‌ಬ್ರೈಟ್ ಒಪ್ಪಂದವಾಯಿತು. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಈ ಫುಲ್‌ಬ್ರೈಟ್ ನೆರವಿನಿಂದ. ಅಷ್ಟರಲ್ಲಿ ಅವರು ಬೆಳಗಾವಿ ಮೊದಲಾದ ಕಡೆ ಕಾಲೇಜು ಅಧ್ಯಾಪಕರಾಗಿ ದುಡಿದಿದ್ದರು. ಬೆಂಗಳೂರಿನ ರೊದ್ದಂ ನರಸಿಂಹ ಅವರು ಎಂಜಿನಿಯರಿಂಗ್ ಮುಗಿಸಿ, ವಿಜ್ಞಾನ ಸಂಸ್ಥೆಯಲ್ಲಿ ಕಲಿತ ಮೇಲೆ ಕ್ಯಾಲ್‌ಟೆಕ್‌ಗೆ ಹೋಗಿ 1961ರಲ್ಲಿ ಪಿಎಚ್‌ಡಿ ಪಡೆದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಕಾಲ್ನಡಿಗೆಯಲ್ಲೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ್ದ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ವರ್ಷಗಟ್ಟಲೆ ಭೌತವಿಜ್ಞಾನ ಕಲಿಸಿದ ನಂತರ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪಿಎಚ್‌ಡಿ ಪಡೆದರು.

ಸಿ.ಎನ್.ಆರ್. ರಾವ್ ಅವರ ಪ್ರಸಂಗ ಇಂದಿನ ತಂದೆ ತಾಯಿಗಳಿಗೆ ವಿಚಿತ್ರವಾಗಿ ಕಂಡೀತು. 1950ರ ದಶಕದಲ್ಲಿ ಅವರಿಗೆ ಎಂಐಟಿ, ಕೊಲಂಬಿಯಾ, ಪೆನ್ ಸ್ಟೇಟ್, ಪರ್ಡ್ಯೂ, ಈ ನಾಲ್ಕೂ ಕಡೆ ಹಣಕಾಸಿನ ನೆರವಿನೊಂದಿಗೆ ಪಿಎಚ್‌ಡಿ ಪ್ರವೇಶ ದೊರೆತಿತ್ತು. ಅವರು ಆರಿಸಿಕೊಂಡದ್ದು ಪರ್ಡ್ಯೂ ವಿಶ್ವವಿದ್ಯಾಲಯವನ್ನು. ಮೂರು ವರ್ಷ ತುಂಬುವ ಮೊದಲೇ, 1958ರಲ್ಲಿ ಪಿಎಚ್‌ಡಿ ಮುಗಿಯಿತು. ಎಂಐಟಿಯನ್ನು ಬಿಟ್ಟು ಪರ್ಡ್ಯೂಗೆ ಹೋಗುತ್ತೇನೆ ಎಂದರೆ ಇಂದು ಯಾವ ಮನೆಯಲ್ಲಿ ಒಪ್ಪುತ್ತಾರೆ?

ಇವರೆಲ್ಲರಿಗೂ ಸಮಾನವಾದ ಎರಡು ಸಂಗತಿಗಳಿವೆ. ಪದವಿಯನ್ನು ಇವರೆಲ್ಲ ಇಲ್ಲಿಯೇ, ಅಗ್ಗವಾಗಿ ಓದಿದರು. ಅಮೆರಿಕಕ್ಕೆ ಹೋದದ್ದು ಸಂಶೋಧನೆಯ ಬಾಗಿಲಿನಿಂದ. ಇವರಲ್ಲಿ ದಾಖಲೆ ಸ್ಪಷ್ಟವಾಗಿರುವ ಕಡೆಯೆಲ್ಲ ವೆಚ್ಚ ಭರಿಸಿದ್ದು ಸರ್ಕಾರ, ದತ್ತಿ ಇಲ್ಲವೇ ವಿಶ್ವವಿದ್ಯಾಲಯ. ಮನೆಯ ಜಮೀನು ಅಡವಿಟ್ಟ ಸಾಲವಲ್ಲ.

ಆ ಬಾಗಿಲು ಇನ್ನೂ ತೆರೆದಿದೆ. ಪಿಎಚ್‌ಡಿ ಪ್ರವೇಶದ ರೀತಿಯೇ ಬೇರೆ. ಅಲ್ಲಿ ಆಯ್ಕೆ ಮಾಡುವವರು ಆಯಾ ವಿಭಾಗದ ಪ್ರಾಧ್ಯಾಪಕರು. ತಮ್ಮ ಪ್ರಯೋಗಾಲಯದಲ್ಲಿ ಐದು ವರ್ಷ ಕೆಲಸ ಮಾಡಬಲ್ಲವರು ಯಾರು ಎಂಬುದಷ್ಟೇ ಅವರಿಗೆ ಮುಖ್ಯ. ಅಭ್ಯರ್ಥಿ ಟೆನಿಸ್ ಆಡುತ್ತಾನೆಯೇ, ಅವನ ತಂದೆ ಅಲ್ಲಿ ಓದಿದ್ದರೇ ಎಂಬುದು ಅವರಿಗೆ ಬೇಕಿಲ್ಲ. ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಲ್ಲಿ ಆಯ್ಕೆಯಾದವರಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ, ಜೊತೆಗೆ ಪಾಠ ಹೇಳುವ ಅಥವಾ ಸಂಶೋಧನೆಗೆ ನೆರವಾಗುವ ಕೆಲಸಕ್ಕೆ ತಿಂಗಳ ವೇತನ. ಇದೇ ಅಸಿಸ್ಟೆಂಟ್‌ಶಿಪ್. ಇಲ್ಲಿಯೂ ಸ್ಪರ್ಧೆ ಬಿರುಸೇ. ಆದರೆ ತಂದೆಯ ಆದಾಯ ಆ ತಕ್ಕಡಿಯಲ್ಲಿ ಇಲ್ಲ.

ಎಂಎಸ್ ಎಂಬ ಮೂರನೇ ದಾರಿ

2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಹದಿನೈದು ವರ್ಷಗಳ ನಂತರ ಭಾರತ ಚೀನಾವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದ ವರ್ಷ ಅದು. ಸಂತೋಷದ ಸುದ್ದಿಯೆಂದು ಎಲ್ಲೆಡೆ ಪ್ರಕಟವಾಯಿತು. ಒಳಗಿನ ವಿವರ ಹೀಗಿದೆ: ಸ್ನಾತಕೋತ್ತರ ಹಂತದಲ್ಲಿ 1,96,567 ಮಂದಿ, ಓದು ಮುಗಿಸಿ ತರಬೇತಿ ಉದ್ಯೋಗದಲ್ಲಿದ್ದವರು 97,556, ಪದವಿ ಓದುತ್ತಿದ್ದವರು ಬರೇ 36,053. ಹತ್ತರಲ್ಲಿ ಒಬ್ಬರಷ್ಟೇ ಪದವಿಗೆ ಹೋದವರು.

ಆ ಸ್ನಾತಕೋತ್ತರ ಗುಂಪಿನಲ್ಲಿ ಬಹುಸಂಖ್ಯಾತರು ಎಂಎಸ್ ವಿದ್ಯಾರ್ಥಿಗಳು. ಎಂಎಸ್ ಎಂಬುದು ಪಿಎಚ್‌ಡಿಯ ತಮ್ಮನಂತೆ ಕಂಡರೂ ಹಣದ ದೃಷ್ಟಿಯಿಂದ ಅದರ ಸಂಬಂಧಿಯೇ ಅಲ್ಲ. ಎಂಎಸ್ ಓದುವವರು ವಿದ್ಯಾಲಯಕ್ಕೆ ಹಣ ತರುವವರು. ಆದ್ದರಿಂದಲೇ ಅಲ್ಲಿ ಪ್ರವೇಶ ಸುಲಭ, ನೆರವು ಅಪರೂಪ. ವೆಚ್ಚ 50 ಲಕ್ಷ ರೂಪಾಯಿ ಮೀರುವುದು ಸಾಮಾನ್ಯ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ದಾಟಿದರೆ ಆಸ್ತಿಯ ಭದ್ರತೆ ಬೇಕು. ಅಂದರೆ ಮನೆ, ಸೈಟು ಅಥವಾ ಜಮೀನಿನ ಪತ್ರ ಬ್ಯಾಂಕಿನ ಕಪಾಟು ಸೇರಬೇಕು. ಸಾಲ ತೀರುವುದು ಅಲ್ಲಿ ಕೆಲಸ ಸಿಕ್ಕರೆ ಮಾತ್ರ. ಓದು ಮುಗಿದ ಮೇಲೆ ಒಂದು ವರ್ಷ, ವಿಜ್ಞಾನ ತಂತ್ರಜ್ಞಾನದ ವಿಷಯಗಳಾದರೆ ಮತ್ತೆರಡು ವರ್ಷ ಕೆಲಸ ಮಾಡಲು ಅನುಮತಿ ಇದೆ. ಆ ನಂತರ ಎಚ್-1ಬಿ ವೀಸಾದ ಚೀಟಿ ಎತ್ತುವ ಆಟ. 2025ರ ಸೆಪ್ಟೆಂಬರ್‌ನಲ್ಲಿ, ದೇಶದ ಹೊರಗಿನಿಂದ ಕರೆಸಿಕೊಳ್ಳುವವರ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕವನ್ನು ಅಮೆರಿಕ ಸರ್ಕಾರ ಘೋಷಿಸಿದ ಮೇಲೆ ಈ ಲೆಕ್ಕಗಳೆಲ್ಲ ಇನ್ನಷ್ಟು ಅಲುಗಾಡಿವೆ.

ಪ್ರವೇಶ ಸಿಕ್ಕಿತು ಎಂದಾಗ ಸಿಹಿ ಹಂಚುವ ಮೊದಲು ಯಾವ ಪ್ರವೇಶ, ಹಣ ಯಾರದು ಎಂದು ಕೇಳಬೇಕಾಗಿರುವುದು ಇದಕ್ಕೇ. ವಿದೇಶ ವ್ಯಾಸಂಗದ ಏಜೆಂಟರಲ್ಲಿ ಅನೇಕರಿಗೆ ಅಮೆರಿಕದ ವಿದ್ಯಾಲಯಗಳೇ ಸೇರಿಸಿದ ತಲೆಗಿಷ್ಟು ಎಂದು ಕಮಿಷನ್ ಕೊಡುತ್ತವೆ. ಅಂಥವರು ಈ ಪ್ರಶ್ನೆಯನ್ನು ತಾವಾಗಿ ಎತ್ತುವುದಿಲ್ಲ. ಹಾರ್ವರ್ಡ್, ಎಂಐಟಿಗಳು ಅಂಥ ಕಮಿಷನ್ ಕೊಡುವ ಪೈಕಿಯಲ್ಲ.

ವೀಸಾ ಎಂಬ ಕೊನೆಯ ಹೊಸಿಲು

ಪ್ರವೇಶ ಕೊಡುವುದು ವಿದ್ಯಾಲಯ, ದೇಶದೊಳಗೆ ಬಿಡುವುದು ಸರ್ಕಾರ. ಒಂದು ಕಾಲದಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಪದವೀಧರರು ರಾತ್ರಿ ರೈಲು ಹತ್ತಿ ಚೆನ್ನೈನ ಜೆಮಿನಿ ವೃತ್ತದ ಅಮೆರಿಕನ್ ಕಾನ್ಸುಲೇಟ್ ಮುಂದೆ ಬೆಳಕು ಹರಿಯುವ ಮುನ್ನ ಸಾಲು ನಿಲ್ಲುತ್ತಿದ್ದರು. ಹೈದರಾಬಾದ್ ಬಳಿಯ ಚಿಲ್ಕೂರಿನ ಬಾಲಾಜಿಗೆ 'ವೀಸಾ ದೇವರು' ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೂ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ವೀಸಾ ಸೇವೆ ಆಗಲೇ ಆರಂಭವಾಗಲಿಲ್ಲ.

ಅಮೆರಿಕದ 1952ರ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ ವೀಸಾ ಕೇಳುವವನನ್ನು ಅಲ್ಲೇ ನೆಲೆಸಲು ಬಂದವನೆಂದೇ ಮೊದಲು ಭಾವಿಸಲಾಗುತ್ತದೆ. ಹಾಗಲ್ಲ ಎಂದು ಸಾಬೀತು ಮಾಡುವ ಹೊಣೆ ಅವನದು. ಊರಿನಲ್ಲಿ ಆಸ್ತಿಯಿದೆ, ಮರಳಿ ಬರಲು ಕಾರಣವಿದೆ, ಓದಿಗೆ ಹಣವಿದೆ ಎಂದು ಎರಡು ಮೂರು ನಿಮಿಷದಲ್ಲಿ ತೋರಿಸಬೇಕು. ಬಡವನಿಗೆ ಇಲ್ಲಿ ಮತ್ತೆ ಅದೇ ತೊಡಕು. ವಿದ್ಯಾಲಯವೇ ಪೂರ್ತಿ ವೆಚ್ಚ ಭರಿಸುವ ಪತ್ರ ಕೈಯಲ್ಲಿದ್ದರೆ ಹಣದ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ ಎಂಬುದೊಂದು ಸಮಾಧಾನ. 2023-24ನೇ ಆರ್ಥಿಕ ವರ್ಷದಲ್ಲಿ ಎಲ್ಲ ದೇಶಗಳ ವಿದ್ಯಾರ್ಥಿ ವೀಸಾ ಅರ್ಜಿಗಳಲ್ಲಿ ಶೇ 41ರಷ್ಟು ತಿರಸ್ಕೃತವಾದವು. 2025ರ ಮೇ ಕೊನೆಯಲ್ಲಿ ಹೊಸ ಸಂದರ್ಶನಗಳನ್ನೇ ಕೆಲವು ವಾರ ನಿಲ್ಲಿಸಲಾಯಿತು. ಪುನರಾರಂಭವಾದಾಗ ಅಭ್ಯರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಪರಿಶೀಲನೆಗೆ ತೆರೆದಿಡಬೇಕೆಂಬ ಷರತ್ತು ಸೇರಿಕೊಂಡಿತು. ಅದೇ ಮೇ ತಿಂಗಳಲ್ಲಿ ಹಾರ್ವರ್ಡ್ ವಿದೇಶಿಯರನ್ನು ಸೇರಿಸಿಕೊಳ್ಳುವ ಅಧಿಕಾರವನ್ನೇ ಸರ್ಕಾರ ಕಿತ್ತುಕೊಳ್ಳಲು ಹೊರಟು, ನ್ಯಾಯಾಲಯ ತಡೆಯಿತು. ಅಲ್ಲಿ ಆಗ ಓದುತ್ತಿದ್ದ ವಿದೇಶಿಯರು ಸುಮಾರು 6,800, ಒಟ್ಟು ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು.

ಇಷ್ಟರ ಮೇಲೂ ಪದವಿಗೇ ಹೋಗುತ್ತೇನೆ ಎನ್ನುವ ಹುಡುಗಿಗೆ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಅಲ್ಲಿನವರು ಕೇಳುವುದು ಒಂಬತ್ತನೇ ತರಗತಿಯಿಂದ ಹನ್ನೆರಡರವರೆಗಿನ ಅಂಕಗಳನ್ನು. ಸೆಕೆಂಡ್ ಪಿಯುಸಿಯಲ್ಲಿ ಎಚ್ಚೆತ್ತುಕೊಂಡರೆ ಮೂರು ವರ್ಷ ಆಗಲೇ ಕಳೆದಿರುತ್ತದೆ. ಕೋವಿಡ್ ಕಾಲದಲ್ಲಿ ಕೈಬಿಟ್ಟಿದ್ದ ಸ್ಯಾಟ್ ಪರೀಕ್ಷೆಯನ್ನು ಎಂಐಟಿ 2022ರಲ್ಲಿ, ಹಾರ್ವರ್ಡ್ 2024ರಲ್ಲಿ ಮತ್ತೆ ಕಡ್ಡಾಯ ಮಾಡಿವೆ. 650 ಪದಗಳ ಮುಖ್ಯ ಪ್ರಬಂಧದಲ್ಲಿ ದೊಡ್ಡ ಮಾತಿಗಿಂತ ತನ್ನ ಬದುಕಿನ ವಿವರಕ್ಕೆ ಬೆಲೆ ಹೆಚ್ಚು. ಕಾರ್ಖಾನೆ ಪಾಳಿಯ ಮನೆಯಲ್ಲಿ ಬೆಳಗಿನ ನೀರು ಹಿಡಿದು, ತಮ್ಮನನ್ನು ಶಾಲೆಗೆ ಕಳಿಸಿ, ಬಸ್ಸು ಹಿಡಿದು ಕಾಲೇಜಿಗೆ ಹೋಗುವುದನ್ನು ನಮ್ಮ ಮಕ್ಕಳು 'ಚಟುವಟಿಕೆ' ಎಂದು ಬರೆಯಲು ನಾಚುತ್ತಾರೆ. ಅಲ್ಲಿನ ಅರ್ಜಿಯಲ್ಲಿ ಮನೆಯ ಹೊಣೆಗೂ ಜಾಗವಿದೆ. ಅಮೆರಿಕ ಸರ್ಕಾರದ ಬೆಂಬಲವಿರುವ ಎಜುಕೇಷನ್ ಯುಎಸ್ಎ ಕೇಂದ್ರಗಳು ಯಾವ ವಿದ್ಯಾಲಯದ ಪರವೂ ಅಲ್ಲದ ಮಾಹಿತಿ ಕೊಡುತ್ತವೆ. ಸ್ನಾತಕೋತ್ತರಕ್ಕೆ ಹೋಗುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ರಾಜ್ಯದ 'ಪ್ರಬುದ್ಧ' ಯೋಜನೆ ಇವೆ.

ಕ್ಯಾಲೆಂಡರಿನದೂ ಒಂದು ಪೇಚು. ಅರ್ಜಿಗಳ ಕೊನೆಯ ದಿನ ಹೆಚ್ಚಿನ ಕಡೆ ಜನವರಿಯ ಮೊದಲ ವಾರ. ಪಿಯುಸಿ ಪರೀಕ್ಷೆಗೆ ಓದಬೇಕಾದ ನವೆಂಬರ್, ಡಿಸೆಂಬರ್ ತಿಂಗಳು ಪ್ರಬಂಧ ಬರೆಯುವುದರಲ್ಲಿ ಹೋಗುತ್ತದೆ. ಅಲ್ಲಿಂದ ಉತ್ತರ ಬರುವುದು ಮಾರ್ಚ್ ಕೊನೆಗೆ, ವಾರ್ಷಿಕ ಪರೀಕ್ಷೆಯ ಹೊತ್ತಿಗೆ. ಒಪ್ಪಿಗೆ ತಿಳಿಸಲು ಮೇ 1ರವರೆಗೆ ಅವಕಾಶವಿರುತ್ತದೆ. ನೂರಕ್ಕೆ ತೊಂಬತ್ತೇಳು ಮಂದಿಗೆ ಬರುವ ಉತ್ತರ ನಿರಾಕರಣೆಯದೇ ಆದ್ದರಿಂದ, ಏಪ್ರಿಲ್ ನಡುವಿನ ಸಿಇಟಿಗೆ ಹಾಲ್ ಟಿಕೆಟ್ ಪಡೆದು ತಯಾರಾಗಿರುವುದನ್ನು ಮಾತ್ರ ಯಾರೂ ತಪ್ಪಿಸಬಾರದು.